ಮೈಕ್ರೋ ಎಕನಾಮಿಕ್ಸ್ ಮೊದಲ ಸೆಮಿಸ್ಟರ್: ಬಾಯಿಪಾಠ ಬಿಟ್ಟು ಓದುವುದು ಹೇಗೆ

ಡಿಗ್ರಿ ಮೊದಲ ವರ್ಷದಲ್ಲಿ ಮೈಕ್ರೋ ಎಕನಾಮಿಕ್ಸ್ ಪೇಪರ್ ಸಿಕ್ಕಿದಾಗ ಕ್ಲಾಸಿನಲ್ಲಿ ಎರಡು ಗುಂಪು ಇರುತ್ತದೆ. ಪಿಯುಸಿಯಲ್ಲಿ ಅರ್ಥಶಾಸ್ತ್ರ ಓದಿ ಬಂದವರು "ಇದೆಲ್ಲ ಗೊತ್ತಿರೋದೇ" ಅಂತ ಕೂರುತ್ತಾರೆ. ಸೈನ್ಸ್ ಬಿಟ್ಟು ಬಂದವರು "ಎರಡು ಗೆರೆ ತಾನೇ, ಒಂದು ರಾತ್ರಿಯಲ್ಲಿ ಮುಗಿಸಬಹುದು" ಅಂದುಕೊಳ್ಳುತ್ತಾರೆ. ಮೊದಲ ಇಂಟರ್ನಲ್ ಟೆಸ್ಟಿನ ಅಂಕ ಬಂದ ದಿನ ಎರಡೂ ಗುಂಪಿನವರು ಒಂದೇ ಬೆಂಚಿನಲ್ಲಿ ತಲೆ ಕೆರೆದುಕೊಳ್ಳುತ್ತಿರುತ್ತಾರೆ.

ಕಾರಣ ಕಷ್ಟದ ಗಣಿತವೇನೂ ಅಲ್ಲ. ಈ ಪೇಪರಿನಲ್ಲಿ ವ್ಯಾಖ್ಯೆ ಬರೆದರೆ ಒಂದಷ್ಟು ಅಂಕ ಬರುತ್ತದೆ, ಉಳಿದದ್ದು ಬರುವುದು ಸಂದರ್ಭ ಕೊಟ್ಟು "ಈಗ ಏನಾಗುತ್ತದೆ?" ಅಂತ ಕೇಳುವ ಪ್ರಶ್ನೆಗಳಿಂದ. ಅದಕ್ಕೆ ಬಾಯಿಪಾಠ ಕೈಕೊಡುತ್ತದೆ. ನೋಟ್ಸ್ ಕೇಳಿಕೊಂಡು ಬರುವ ಜೂನಿಯರ್‌ಗಳಿಗೆ ನಾನು ಮೊದಲು ಹೇಳುವುದು ಎರಡೇ ಪ್ರಶ್ನೆ: ಇಲ್ಲಿ ಏನು ಬದಲಾಯಿತು? ಏನು ಬದಲಾಗಲಿಲ್ಲ? ಬೇಡಿಕೆಯಿಂದ ಹಿಡಿದು ಏಕಸ್ವಾಮ್ಯದವರೆಗೆ (ಒಬ್ಬರೇ ಮಾರುವವರಿರುವ ಮಾರುಕಟ್ಟೆ) ಯಾವ ಪಾಠವಾದರೂ ಪೆನ್ನು ಹಿಡಿಯುವ ಮುಂಚೆ ಈ ಎರಡನ್ನು ಕೇಳಿಕೊಳ್ಳಿ. ಹೇಗೆ ಅಂತ ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಮೊದಲ ವಾರದ ತಯಾರಿ

ಮೊದಲು ನಿಮ್ಮ ವಿಶ್ವವಿದ್ಯಾಲಯದ ವೆಬ್‌ಸೈಟಿನಿಂದ ಈ ವರ್ಷದ ಸಿಲಬಸ್ ಇಳಿಸಿಕೊಳ್ಳಿ. ಸೀನಿಯರ್ ಕೊಟ್ಟ ನೋಟ್ಸ್ ನಂಬಿ ಕೂರಬೇಡಿ. ಕರ್ನಾಟಕದಲ್ಲಿ 2021–22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024–25ರಿಂದ ರಾಜ್ಯದ್ದೇ ನೀತಿಯಡಿ ಮತ್ತೆ ಮೂರು ವರ್ಷದ ಪದವಿ ಬಂತು. ಪೇಪರಿನ ಹೆಸರು, ಯೂನಿಟ್‌ಗಳ ಹಂಚಿಕೆ, ಇಂಟರ್ನಲ್ ಅಂಕ ಎಲ್ಲ ಅತ್ತಿತ್ತ ಆಗಿವೆ. ಒಳಗಿನ ವಿಷಯ ಮಾತ್ರ ಹೆಚ್ಚುಕಡಿಮೆ ಅದೇ.

ಹಳೆಯ ಪ್ರಶ್ನೆಪತ್ರಿಕೆಗಳು ಲೈಬ್ರರಿಯಲ್ಲಿ ಸಿಗುತ್ತವೆ. ಅವನ್ನು ಕೊನೇ ವಾರಕ್ಕೆ ಅಂತ ಎತ್ತಿಡಬೇಡಿ, ಮೊದಲ ವಾರವೇ ಓದಿ. ಉತ್ತರ ಗೊತ್ತಿರಬೇಕಿಲ್ಲ. ಯಾವ ಪ್ರಶ್ನೆ ಚಿತ್ರ ಕೇಳುತ್ತದೆ, ಯಾವುದು ಲೆಕ್ಕ ಕೇಳುತ್ತದೆ ಅನ್ನುವುದು ಕಣ್ಣಿಗೆ ಬೀಳಲಿ ಸಾಕು.

ಬೇಕಾಗುವ ಗಣಿತ ಹೈಸ್ಕೂಲಿನದೇ: ಶೇಕಡಾವಾರು, ಭಿನ್ನರಾಶಿ, ಗೆರೆಯ ಇಳಿಜಾರು, ತ್ರಿಕೋನದ ವಿಸ್ತೀರ್ಣ. ಶೇಕಡಾವಾರು ಲೆಕ್ಕದಲ್ಲಿ ಕೈ ತಡವರಿಸಿದರೆ ಸೆಮಿಸ್ಟರ್ ಪೂರ್ತಿ ತಡವರಿಸುತ್ತೀರಿ. ಸೈನ್ಸ್‌ನಿಂದ ಬಂದವರಿಗೆ ಒಂದು ಮಾತು. ಬೆಲೆ ಬದಲಾದರೆ ಪ್ರಮಾಣ ಬದಲಾಗುತ್ತದೆ, ಹಾಗಾಗಿ ನಿಮ್ಮ ಲೆಕ್ಕದಲ್ಲಿ ಬೆಲೆ ಅಡ್ಡ ಅಕ್ಷದಲ್ಲಿರಬೇಕು, ಅಲ್ವಾ? ಇಲ್ಲಿ ಬೆಲೆ ನಿಂತ ಅಕ್ಷದಲ್ಲಿರುತ್ತದೆ. ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ ಕಾಲದಿಂದ ಬಂದ ರೂಢಿ ಅದು. ವಾದ ಮಾಡದೆ ಒಪ್ಪಿಕೊಳ್ಳಿ.

ಒಂದು ದಪ್ಪ ನೋಟ್‌ಬುಕ್ ಇಡಿ. ಎಡಪುಟದಲ್ಲಿ ಚಿತ್ರ, ಬಲಪುಟದಲ್ಲಿ ಎರಡೇ ಸಾಲು: ಏನು ಬದಲಾಯಿತು, ಏನು ಬದಲಾಗಲಿಲ್ಲ. ಕನ್ನಡ ಮಾಧ್ಯಮದವರು ಪ್ರತಿ ಪಾರಿಭಾಷಿಕ ಪದದ ಪಕ್ಕದಲ್ಲೇ ಅದರ ಇಂಗ್ಲಿಷ್ ಹೆಸರನ್ನೂ ಬರೆದಿಡಿ. ಆಮೇಲೆ ವಿಡಿಯೊ ಪಾಠ ಹುಡುಕುವಾಗ ಅದೇ ಬೇಕಾಗುತ್ತದೆ.

ಹೆಜ್ಜೆ 2: ಅವಕಾಶ ವೆಚ್ಚವನ್ನು ನಿಮ್ಮ ಭಾನುವಾರದ ಮೇಲೆ ಪ್ರಯೋಗಿಸಿ

ಮೊದಲ ಯೂನಿಟ್ಟಿನಲ್ಲಿ ಆಡಂ ಸ್ಮಿತ್, ಮಾರ್ಷಲ್, ರಾಬಿನ್ಸ್ ಅರ್ಥಶಾಸ್ತ್ರಕ್ಕೆ ಕೊಟ್ಟ ವ್ಯಾಖ್ಯೆಗಳು ಇರುತ್ತವೆ. ಅವನ್ನು ಓದಿಕೊಳ್ಳಿ, ಆದರೆ ಅಲ್ಲೇ ವಾರಗಟ್ಟಲೆ ಕೂರಬೇಡಿ. ಆ ಯೂನಿಟ್ಟಿನಲ್ಲಿ ನಿಜಕ್ಕೂ ತಲೆಗೆ ಹೋಗಬೇಕಾದದ್ದು ಅವಕಾಶ ವೆಚ್ಚ, ಅಂದರೆ ಒಂದನ್ನು ಆರಿಸಿಕೊಂಡಿದ್ದಕ್ಕೆ ಏನೇನು ಬಿಟ್ಟುಕೊಡಬೇಕಾಯಿತೋ ಅದರ ಲೆಕ್ಕ.

ಹಾಸ್ಟೆಲ್‌ನಲ್ಲಿರುವ ಒಬ್ಬ ಹುಡುಗಿ ಭಾನುವಾರ ಊರಿಗೆ ಹೋಗಬೇಕು ಅಂದುಕೊಂಡಿದ್ದಾಳೆ. ಶಕ್ತಿ ಯೋಜನೆ ಇದೆ, ಸರಕಾರಿ ಬಸ್ಸಿನಲ್ಲಿ ಟಿಕೆಟ್ ಸೊನ್ನೆ. ಅದೇ ದಿನ ಕೇಟರಿಂಗ್ ಕೆಲಸಕ್ಕೆ ಹೋಗಿದ್ದರೆ 700 ರೂಪಾಯಿ ಸಿಗುತ್ತಿತ್ತು. ಊರಿಗೆ ಹೋಗುವ ವೆಚ್ಚ ಎಷ್ಟು? ಕಡೇಪಕ್ಷ 700. ಹಾಸ್ಟೆಲ್ ಫೀಸ್ ಸೇರಿಸಬೇಕಾ? ಬೇಡ. ಅವಳು ಹೋದರೂ ಇದ್ದರೂ ಅದು ಆಗಲೇ ಕಟ್ಟಿದ ದುಡ್ಡು, ಬದಲಾಗುವುದಿಲ್ಲ. ನಿರ್ಧಾರದಿಂದ ಯಾವುದು ಬದಲಾಗುತ್ತದೋ ಅಷ್ಟನ್ನೇ ಲೆಕ್ಕಕ್ಕೆ ತಗೊಳ್ಳಬೇಕು.

ಇದೇ ಲೆಕ್ಕವನ್ನು ನಿಮ್ಮ ಡಿಗ್ರಿಗೂ ಹಾಕಿ ನೋಡಿ. ಫೀಸ್, ಪುಸ್ತಕ ಸೇರುತ್ತವೆ. ಮೂರು ವರ್ಷ ಕೆಲಸಕ್ಕೆ ಹೋಗಿದ್ದರೆ ಬರುತ್ತಿದ್ದ ಸಂಬಳ ಸೇರುತ್ತದೆ. ಊಟ ಸೇರುವುದಿಲ್ಲ, ಕಾಲೇಜಿಗೆ ಬರದಿದ್ದರೂ ಊಟ ಮಾಡಲೇಬೇಕಲ್ಲ. ಈ ಊಟದ ವಿಷಯದಲ್ಲಿ ಪರೀಕ್ಷೆಯಲ್ಲಿ ಎಡವುವವರು ಜಾಸ್ತಿ.

ಹೆಜ್ಜೆ 3: ರೇಖೆಯ ಮೇಲೆ ಸರಿಯುವುದೋ, ರೇಖೆಯೇ ಸರಿಯುವುದೋ

ಇಡೀ ಪೇಪರಿನಲ್ಲಿ ಅತಿ ಹೆಚ್ಚು ಅಂಕ ಸೋರುವ ಜಾಗ ಇದು. ಇದಕ್ಕೆ ಸಮಯ ಕೊಡಿ.

ನಮ್ಮ ಮೆಟ್ರೊವನ್ನೇ ತಗೊಳ್ಳಿ. 2025ರ ಫೆಬ್ರವರಿ 9ರಿಂದ ದರ ಏರಿತು. ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ಮೊದಲ ದಿನಗಳಲ್ಲಿ ಪ್ರಯಾಣಿಕರು ಕಡಿಮೆಯಾದರು. ಇಲ್ಲಿ ಬದಲಾದದ್ದು ಮೆಟ್ರೊದ ಬೆಲೆ. ಜನರ ಆದಾಯ, ಆಫೀಸು, ಮನೆ, ಬಸ್ ದರ ಯಾವುದೂ ಆ ದಿನ ಬದಲಾಗಲಿಲ್ಲ. ಹಾಗಾಗಿ ಬೇಡಿಕೆ ರೇಖೆ (ಯಾವ ಬೆಲೆಗೆ ಎಷ್ಟು ಕೊಳ್ಳುತ್ತಾರೆ ಅಂತ ತೋರಿಸುವ ಗೆರೆ) ಇದ್ದಲ್ಲೇ ಇದೆ, ನಾವು ಅದೇ ರೇಖೆಯ ಮೇಲೆ ಎಡಕ್ಕೆ, ಮೇಲಕ್ಕೆ ಸರಿದೆವು. ಪುಸ್ತಕದ ಭಾಷೆಯಲ್ಲಿ "ಬೇಡಿಕೆಯ ಪ್ರಮಾಣ" ಕುಗ್ಗಿತು.

ಅದೇ ವರ್ಷ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾಯಿತು. ದಿನದ ಪ್ರಯಾಣಿಕರ ಸಂಖ್ಯೆ 10 ಲಕ್ಷ ದಾಟಿತು. ದರ ಇಳಿದಿತ್ತಾ? ಇಲ್ಲ. ಮೆಟ್ರೊ ಇನ್ನಷ್ಟು ಜನರ ಮನೆ ಮತ್ತು ಕೆಲಸದ ಹತ್ತಿರ ಬಂತು. ಅದೇ ದರಕ್ಕೆ ಹೆಚ್ಚು ಜನ ಹತ್ತಿದರು. ಇಲ್ಲಿ ಇಡೀ ರೇಖೆಯೇ ಬಲಕ್ಕೆ ಸರಿಯಿತು. ದರ ಏರಿಕೆ, ಹೊಸ ಮಾರ್ಗ ಎರಡನ್ನೂ ಒಂದೇ ಚಿತ್ರದಲ್ಲಿ ಬಿಡಿಸಿ ನೋಡಿ. ಚಿತ್ರ ಸರಿ ಬಂದರೆ ಈ ಅಧ್ಯಾಯದ ಮುಕ್ಕಾಲು ಕೆಲಸ ಆಯಿತು.

ಈಗ ಸ್ವಲ್ಪ ಕಷ್ಟದ್ದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಸರಕಾರಿ ಬಸ್ಸಿನ ಮಟ್ಟಿಗೆ ಮಹಿಳೆಯರಿಗೆ ಬೆಲೆ ಸೊನ್ನೆಯಾಯಿತು, ಅವರ ಬೇಡಿಕೆ ರೇಖೆಯ ಮೇಲೆ ಕೆಳಗಿಳಿದೆವು. ಆಟೊ ಮತ್ತು ಖಾಸಗಿ ಬಸ್ಸಿಗೆ? ಅವುಗಳ ದರ ಹಾಗೇ ಇತ್ತು, ಬದಲಿ ಸೇವೆಯ ಬೆಲೆ ಬಿತ್ತು. ಅವುಗಳ ಬೇಡಿಕೆ ರೇಖೆ ಎಡಕ್ಕೆ ಸರಿಯಿತು. ಆ ಸೆಪ್ಟೆಂಬರ್‌ನಲ್ಲಿ ಖಾಸಗಿ ಸಾರಿಗೆಯವರು ಬೆಂಗಳೂರಿನಲ್ಲಿ ಬಂದ್ ಮಾಡಿದ್ದಕ್ಕೆ ಇದೂ ಒಂದು ಕಾರಣ. ಒಂದೇ ಘಟನೆ, ಒಂದು ಮಾರುಕಟ್ಟೆಯಲ್ಲಿ ಬೆಲೆ ಬದಲಾವಣೆ, ಪಕ್ಕದ ಮಾರುಕಟ್ಟೆಯಲ್ಲಿ ರೇಖೆಯ ಪಲ್ಲಟ. ಯಾವ ಮಾರುಕಟ್ಟೆಯ ಬಗ್ಗೆ ಪ್ರಶ್ನೆ ಕೇಳಿದ್ದಾರೆ ಅಂತ ಮೊದಲು ಗೆರೆ ಎಳೆದುಕೊಳ್ಳಿ.

ಪೂರೈಕೆ ಕಡೆಗೆ ಕೋಲಾರದ ಟೊಮೇಟೊ ಇದೆ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ಜನರಿಗೆ ಸಾರಿನ ಮೇಲೆ ಪ್ರೀತಿ ಹೆಚ್ಚಾಗಿ ಹೀಗಾಗಲಿಲ್ಲ. ಬೆಳೆ ಕೈಕೊಟ್ಟು ಆವಕ ಬಿದ್ದಿತ್ತು, ಪೂರೈಕೆ ರೇಖೆ ಎಡಕ್ಕೆ ಬಂದಿತ್ತು. ಆ ಬೆಲೆ ನೋಡಿ ಎಲ್ಲರೂ ಟೊಮೇಟೊ ಹಾಕಿದರು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕಚ್ಚಿತು. ರೈತ ಈ ವಾರದ ಬೆಲೆ ನೋಡಿ ನಾಟಿ ಮಾಡುತ್ತಾನೆ, ಫಸಲು ಬರುವುದು ತಿಂಗಳುಗಳ ನಂತರ. ಸಿಲಬಸ್‌ನಲ್ಲಿ ಜೇಡರಬಲೆ ಮಾದರಿ ಅಂತ ಇದ್ದರೆ ಅದು ಇದೇ.

ಪತ್ರಿಕೆಯಲ್ಲಿ ಇಂಥ ವಾಕ್ಯ ಆಗಾಗ ಕಾಣುತ್ತದೆ: "ಬೆಲೆ ಏರಿದ್ದರಿಂದ ಬೇಡಿಕೆ ಕುಸಿಯಿತು, ಬೇಡಿಕೆ ಕುಸಿದದ್ದರಿಂದ ಬೆಲೆ ಮತ್ತೆ ಇಳಿಯಲಿದೆ." ಓದಲು ಸರಿ ಅನಿಸುತ್ತದೆ. ಆದರೆ ಮೊದಲ ಅರ್ಧದಲ್ಲಿ ಕುಸಿದದ್ದು ಪ್ರಮಾಣ, ಎರಡನೇ ಅರ್ಧದಲ್ಲಿ ಅದನ್ನೇ ರೇಖೆ ಸರಿದಂತೆ ಬಳಸಿದ್ದಾರೆ. ಇಂಥ ವಾಕ್ಯ ಕೊಟ್ಟು "ತಪ್ಪೇನು?" ಅಂತ ಕೇಳುವ ಮೇಷ್ಟ್ರುಗಳು ಇದ್ದಾರೆ. ವಾರಕ್ಕೊಂದು ಸುದ್ದಿ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿ, ಪಕ್ಕದಲ್ಲಿ ಚಿತ್ರ ಬಿಡಿಸಿ. ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಸಿಕ್ಕಿಲ್ಲ.

ಬೇಡಿಕೆ, ಪೂರೈಕೆ ಎರಡೂ ಒಟ್ಟಿಗೆ ಸರಿದರೆ? ಬೆಲೆ ಮತ್ತು ಪ್ರಮಾಣ ಎರಡರಲ್ಲಿ ಒಂದರ ದಿಕ್ಕು ಮಾತ್ರ ಖಚಿತವಾಗಿ ಹೇಳಬಹುದು. ಹಬ್ಬದ ಮುಂಚೆ ಹೂವಿನ ಬೇಡಿಕೆ ಏರಿತು, ಅದೇ ವಾರ ಮಳೆಗೆ ಹೂವು ಹಾಳಾಯಿತು ಅಂದುಕೊಳ್ಳಿ. ಬೆಲೆ ಏರುವುದು ಖಂಡಿತ. ಮಾರಾಟವಾದ ಹೂವು ಹೆಚ್ಚೋ ಕಡಿಮೆಯೋ ಹೇಳಲಾಗದು, ಯಾವ ರೇಖೆ ಜಾಸ್ತಿ ಸರಿಯಿತು ಅನ್ನುವುದರ ಮೇಲೆ ನಿಂತಿದೆ. ಪರೀಕ್ಷೆಯಲ್ಲಿ "ಹೇಳಲಾಗದು" ಅಂತ ಕಾರಣ ಸಮೇತ ಬರೆದರೆ ಅದೇ ಸರಿಯುತ್ತರ. ಧೈರ್ಯವಾಗಿ ಬರೆಯಿರಿ.

ಹೆಜ್ಜೆ 4: ಸ್ಥಿತಿಸ್ಥಾಪಕತ್ವವನ್ನು ಕೈಯಾರೆ ಲೆಕ್ಕ ಹಾಕಿ

ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ ಅಂದರೆ ಪ್ರಮಾಣದ ಶೇಕಡಾ ಬದಲಾವಣೆಯನ್ನು ಬೆಲೆಯ ಶೇಕಡಾ ಬದಲಾವಣೆಯಿಂದ ಭಾಗಿಸಿದ್ದು. ಸೂತ್ರ ಎಲ್ಲರಿಗೂ ಬಾಯಿಗೆ ಬರುತ್ತದೆ. ಕೆಳಗಿನ ಪಟ್ಟಿಯನ್ನು ಒಮ್ಮೆ ಸ್ವಂತ ಕೈಯಲ್ಲಿ ಮಾಡಿ ನೋಡಿ. ಎಳನೀರಿನ ಅಂಗಡಿ ಅಂದುಕೊಳ್ಳಿ, ಅಂಕಿಗಳು ಸುಮ್ನೆ ಲೆಕ್ಕಕ್ಕೆ.

ಬೆಲೆ 10 ರೂ. ಇದ್ದರೆ ಮಾರಾಟ 100, ಒಟ್ಟು ಹಣ 1,000
ಬೆಲೆ 20 ಇದ್ದರೆ 80, ಒಟ್ಟು 1,600
ಬೆಲೆ 30 ಇದ್ದರೆ 60, ಒಟ್ಟು 1,800
ಬೆಲೆ 40 ಇದ್ದರೆ 40, ಒಟ್ಟು 1,600
ಬೆಲೆ 50 ಇದ್ದರೆ 20, ಒಟ್ಟು 1,000

ಬೆಲೆ 10 ರೂಪಾಯಿ ಏರಿದಾಗಲೆಲ್ಲ ಮಾರಾಟ 20 ಇಳಿಯುತ್ತದೆ. ಇದು ನೇರ ಗೆರೆ, ಇಳಿಜಾರು ಎಲ್ಲ ಕಡೆ ಒಂದೇ. ಸ್ಥಿತಿಸ್ಥಾಪಕತ್ವವೂ ಒಂದೇನಾ? ಮಧ್ಯಬಿಂದು ವಿಧಾನದಲ್ಲಿ ನೋಡೋಣ. 10ರಿಂದ 20ಕ್ಕೆ ಹೋದಾಗ ಪ್ರಮಾಣದ ಬದಲಾವಣೆ 20, ಸರಾಸರಿ 90, ಅಂದರೆ ಸುಮಾರು ಶೇ 22. ಬೆಲೆಯ ಬದಲಾವಣೆ 10, ಸರಾಸರಿ 15, ಅಂದರೆ ಸುಮಾರು ಶೇ 67. ಭಾಗಿಸಿದರೆ 0.33. ಇನ್ನು 40ರಿಂದ 50ಕ್ಕೆ ಹೋದಾಗ ಪ್ರಮಾಣ ಸುಮಾರು ಶೇ 67, ಬೆಲೆ ಸುಮಾರು ಶೇ 22. ಭಾಗಿಸಿದರೆ 3. ಗೆರೆ ಒಂದೇ, ಉತ್ತರ ಒಂಬತ್ತು ಪಟ್ಟು ಬೇರೆ. "ಕಡಿದಾದ ಗೆರೆ ಅಂದರೆ ಅಸ್ಥಿತಿಸ್ಥಾಪಕ (ಉತ್ತರ ಒಂದಕ್ಕಿಂತ ಕಡಿಮೆ)" ಅಂತ ಕಣ್ಣುಮುಚ್ಚಿ ಬರೆಯುವವರಿಗೆ ಈ ಪಟ್ಟಿಯನ್ನು ತೋರಿಸಿ.

ಮಧ್ಯಬಿಂದು ಯಾಕೆ? ಮೊದಲ ಬೆಲೆಯನ್ನೇ ಆಧಾರ ಇಟ್ಟುಕೊಂಡರೆ 40ರಿಂದ 50ಕ್ಕೆ ಏರಿದ್ದು ಶೇ 25, 50ರಿಂದ 40ಕ್ಕೆ ಇಳಿದದ್ದು ಶೇ 20 ಆಗುತ್ತದೆ. ಹೋಗುವಾಗ ಒಂದು ಉತ್ತರ, ಬರುವಾಗ ಇನ್ನೊಂದು. ಆ ಗೊಂದಲ ತಪ್ಪಿಸಲು. ನಿಮ್ಮ ಪ್ರಶ್ನೆಪತ್ರಿಕೆ ಸರಳ ವಿಧಾನ ಕೇಳಿದರೆ ಅದನ್ನೇ ಮಾಡಿ, ಯಾವ ವಿಧಾನ ಅಂತ ಮೇಲೆ ಬರೆದುಬಿಡಿ.

ಒಟ್ಟು ಹಣದ ಸಾಲು ನೋಡಿ. ಉತ್ತರ ಒಂದಕ್ಕಿಂತ ಕಡಿಮೆ ಇರುವ ಕಡೆ ಬೆಲೆ ಏರಿಸಿದರೆ ಹಣ ಹೆಚ್ಚುತ್ತದೆ, ಒಂದಕ್ಕಿಂತ ಹೆಚ್ಚಿರುವ ಕಡೆ ಕುಗ್ಗುತ್ತದೆ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ಎಷ್ಟು ಮನೆಗಳಲ್ಲಿ ಕಾಫಿ ನಿಂತಿತು ಹೇಳಿ? ಹಾಲಿನಂಥ ದಿನಬಳಕೆಯ ವಸ್ತುವಿಗೆ ಬೇಡಿಕೆ ಬೆಲೆಗೆ ಅಷ್ಟಾಗಿ ಬಗ್ಗುವುದಿಲ್ಲ. ಅದರ ಹಿಂದಿನ ವರ್ಷದ್ದು ಇನ್ನೂ ಸ್ವಾರಸ್ಯ. 2024ರ ಜೂನ್‌ನಲ್ಲಿ 42 ರೂಪಾಯಿಯ ಒಂದು ಲೀಟರ್ ಪ್ಯಾಕೆಟ್ 44 ರೂಪಾಯಿಯ 1,050 ಮಿ.ಲೀ. ಪ್ಯಾಕೆಟ್ ಆಯಿತು. ಜನ ದರ ಏರಿತು ಅಂದರು, ಏರಿಲ್ಲ ಅಂತ ನಂದಿನಿ ಹಾಲು ಮಾರುವ ಒಕ್ಕೂಟ ಹೇಳಿತು. 44ನ್ನು 1.05ರಿಂದ ಭಾಗಿಸಿ, 41.90 ಬರುತ್ತದೆ. ಲೀಟರಿನ ಬೆಲೆ ಬದಲಾಗಿಲ್ಲ, ಬದಲಾದದ್ದು ಕೊಳ್ಳಲೇಬೇಕಾದ ಕನಿಷ್ಠ ಪ್ರಮಾಣ. ತಿಂಗಳ ಖರ್ಚು ಮಾತ್ರ ಏರಿತು, ಹಾಗಾಗಿ ಇಬ್ಬರದೂ ಪೂರ್ತಿ ಸುಳ್ಳಲ್ಲ.

ಹೆಜ್ಜೆ 5: ಗ್ರಾಹಕನ ಪಾಠವನ್ನು ಚಿತ್ರದಲ್ಲೇ ಕಲಿಯಿರಿ

ಇಳಿಮುಖ ಸೀಮಾಂತ ತುಷ್ಟಿಗುಣ (ಒಂದೇ ವಸ್ತು ಮತ್ತೆ ಮತ್ತೆ ಸಿಕ್ಕಂತೆ ಹೊಸದೊಂದರಿಂದ ಸಿಗುವ ತೃಪ್ತಿ ಇಳಿಯುವುದು), ಸಮಸೀಮಾಂತ ತುಷ್ಟಿಗುಣ (ಕೊನೆಯ ರೂಪಾಯಿಗೆ ಎಲ್ಲ ವಸ್ತುವಿನಿಂದಲೂ ಒಂದೇ ತೃಪ್ತಿ ಸಿಗುವಂತೆ ಖರ್ಚು ಹಂಚುವುದು), ಆಮೇಲೆ ಔದಾಸೀನ್ಯ ರೇಖೆಗಳು (ಒಂದೇ ತೃಪ್ತಿ ಕೊಡುವ ಎರಡು ವಸ್ತುಗಳ ಜೋಡಣೆಗಳನ್ನು ತೋರಿಸುವ ಗೆರೆ). ಇಲ್ಲಿ ಪುಟಗಟ್ಟಲೆ ಗದ್ಯ ಓದಿ ಪ್ರಯೋಜನ ಕಡಿಮೆ. ಬಜೆಟ್ ರೇಖೆ (ಇರುವ ದುಡ್ಡಿನಲ್ಲಿ ಕೊಳ್ಳಬಹುದಾದ ಜೋಡಣೆಗಳು) ಬಿಡಿಸಿ, ಅದಕ್ಕೆ ತಾಗುವ ಔದಾಸೀನ್ಯ ರೇಖೆ ಬಿಡಿಸಿ. ಆಮೇಲೆ ಆದಾಯ ಮಾತ್ರ ಬದಲಿಸಿ: ಬಜೆಟ್ ರೇಖೆ ಸಮಾನಾಂತರವಾಗಿ ಸರಿಯಬೇಕು. ಒಂದು ವಸ್ತುವಿನ ಬೆಲೆ ಮಾತ್ರ ಬದಲಿಸಿ: ಒಂದು ತುದಿ ನಿಂತು ಇನ್ನೊಂದು ತುದಿ ತಿರುಗಬೇಕು. ಎರಡೂ ಕೈಗೆ ಬಂದರೆ ಹಿಕ್ಸ್ ವಿಧಾನದ ಬದಲಿ ಪರಿಣಾಮ (ಅಗ್ಗವಾದದ್ದರ ಕಡೆ ವಾಲುವುದು) ಮತ್ತು ಆದಾಯ ಪರಿಣಾಮದ (ಕೊಳ್ಳುವ ಶಕ್ತಿ ಬದಲಾಗುವುದು) ಚಿತ್ರ ಅದರ ಮೇಲೇ ಕೂರುತ್ತದೆ. ಗಿಫನ್ ವಸ್ತು ಕೇಳಿದಾಗ ಚಿನ್ನದ ಉದಾಹರಣೆ ಕೊಡಬೇಡಿ. ಗಿಫನ್ ವಸ್ತು ಬಡವರು ಅವಲಂಬಿಸಿದ, ಬೆಲೆ ಏರಿದರೆ ಇನ್ನೂ ಹೆಚ್ಚು ಕೊಳ್ಳುವ ಕೀಳುದರ್ಜೆಯ ಆಹಾರ, ಅಂತಸ್ತು ತೋರಿಸಲು ಕೊಳ್ಳುವ ದುಬಾರಿ ವಸ್ತುವಿನ ಕಥೆ ಬೇರೆ.

ಹೆಜ್ಜೆ 6: ವೆಚ್ಚದ ಪಟ್ಟಿಯನ್ನು ಒಮ್ಮೆಯಾದರೂ ಪೂರ್ತಿ ತುಂಬಿ

ವೆಚ್ಚದ ಅಧ್ಯಾಯದಲ್ಲಿ ನಾಲ್ಕೈದು ವಕ್ರರೇಖೆಗಳು ಒಂದೇ ಚಿತ್ರದಲ್ಲಿ ಹೆಣೆದುಕೊಂಡಿರುತ್ತವೆ. ಹಾಗೇ ನೋಡಿದರೆ ನೂಲಿನುಂಡೆ. ಅಂಕಿ ತುಂಬಿ ಬಿಡಿಸಿದರೆ ಸಲೀಸು.

ಹುಬ್ಬಳ್ಳಿಯಲ್ಲಿ ಒಬ್ಬರು ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರುತ್ತಾರೆ ಅಂತಿಟ್ಟುಕೊಳ್ಳಿ. 40 ರೊಟ್ಟಿಗೆ ಒಂದು ಕಟ್ಟು. ಬಾಡಿಗೆ, ಒಲೆಯ ಕಂತು ಸೇರಿ ದಿನಕ್ಕೆ 300 ರೂಪಾಯಿ, ರೊಟ್ಟಿ ಮಾಡಿದರೂ ಮಾಡದಿದ್ದರೂ. ಇದು ಸ್ಥಿರ ವೆಚ್ಚ. ಹಿಟ್ಟು, ಗ್ಯಾಸ್, ಕೂಲಿ ಬದಲಾಗುವ ವೆಚ್ಚ:

1 ಕಟ್ಟಿಗೆ 200, ಒಟ್ಟು ವೆಚ್ಚ 500
2 ಕಟ್ಟಿಗೆ 360, ಒಟ್ಟು 660
3 ಕಟ್ಟಿಗೆ 540, ಒಟ್ಟು 840
4 ಕಟ್ಟಿಗೆ 800, ಒಟ್ಟು 1,100
5 ಕಟ್ಟಿಗೆ 1,200, ಒಟ್ಟು 1,500

ಸೀಮಾಂತ ವೆಚ್ಚ ಅಂದರೆ ಇನ್ನೊಂದು ಕಟ್ಟಿಗೆ ಎಷ್ಟು ಹೆಚ್ಚಿಗೆ ಬೇಕು ಅನ್ನುವುದು: 200, 160, 180, 260, 400. ಮೊದಲು ಇಳಿದು ಆಮೇಲೆ ಏರುತ್ತದೆ. ಒಲೆ ಇರುವುದು ಅಷ್ಟೇ. ನಾಲ್ಕನೇ ಕಟ್ಟಿಗೆ ಸಂಜೆ ಇನ್ನೊಬ್ಬರನ್ನು ಕರೆಯಬೇಕು, ಐದನೆಯದಕ್ಕೆ ಇಬ್ಬರು ಒಂದೇ ಹಂಚಿಗೆ ಕಾಯಬೇಕು. ಒಲೆ ಬದಲಾಗಲಿಲ್ಲ, ಕೈಗಳು ಬದಲಾದವು. ಅಲ್ಪಾವಧಿ ಅಂತ ಪುಸ್ತಕ ಹೇಳುವುದು ಇದನ್ನೇ. ಅದಕ್ಕೆ ಇಷ್ಟೇ ತಿಂಗಳು ಅಂತ ಲೆಕ್ಕವಿಲ್ಲ, ಏನೋ ಒಂದು ಬದಲಾಗದೆ ನಿಂತಿರುವಷ್ಟು ಕಾಲ.

ಸರಾಸರಿ ಒಟ್ಟು ವೆಚ್ಚ: 500, 330, 280, 275, 300. ಸೀಮಾಂತ ವೆಚ್ಚ ಸರಾಸರಿಗಿಂತ ಕೆಳಗಿರುವವರೆಗೆ ಸರಾಸರಿ ಇಳಿಯುತ್ತದೆ. ನಾಲ್ಕನೆಯದಕ್ಕೆ 260 ತಗಲಿತು, ಸರಾಸರಿ 280ರಿಂದ 275ಕ್ಕೆ ಇಳಿಯಿತು. ಐದನೆಯದಕ್ಕೆ 400, ಸರಾಸರಿ ಮೇಲೆದ್ದಿತು. ಸೀಮಾಂತ ರೇಖೆ ಸರಾಸರಿ ರೇಖೆಯನ್ನು ಅದರ ಅತಿ ಕೆಳಗಿನ ಬಿಂದುವಿನಲ್ಲೇ ಕತ್ತರಿಸಬೇಕು ಅನ್ನುವುದಕ್ಕೆ ಕಾರಣ ಇಷ್ಟೇ. ಚಿತ್ರ ಬಿಡಿಸುವಾಗ ಬೇರೆಲ್ಲೋ ಕತ್ತರಿಸಿದರೆ ಮೌಲ್ಯಮಾಪಕರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಈಗ ಅಂಗಡಿ ಮುಚ್ಚುವ ಪ್ರಶ್ನೆ. ಮಾರುಕಟ್ಟೆಯಲ್ಲಿ ಕಟ್ಟಿಗೆ 260 ರೂಪಾಯಿ. ಸೀಮಾಂತ ವೆಚ್ಚ ಬೆಲೆಗೆ ಸಮ ಆಗುವವರೆಗೆ, ಅಂದರೆ 4 ಕಟ್ಟು ಮಾಡಬೇಕು. ಬಂದ ಹಣ 1,040, ವೆಚ್ಚ 1,100. ದಿನಕ್ಕೆ 60 ನಷ್ಟ. ಮುಚ್ಚಿಬಿಡಬೇಕಾ? ಮುಚ್ಚಿದರೆ 300 ನಷ್ಟ, ಬಾಡಿಗೆ ಬಿಡುವುದಿಲ್ಲವಲ್ಲ. ಹಾಗಾಗಿ ನಡೆಸಬೇಕು. ಬೆಲೆ 170ಕ್ಕೆ ಬಿದ್ದರೆ? ಸರಾಸರಿ ಬದಲಾಗುವ ವೆಚ್ಚದ ಕನಿಷ್ಠ ಮಟ್ಟ 180. ಹಿಟ್ಟು ಕೂಲಿಯ ದುಡ್ಡೂ ಹುಟ್ಟುವುದಿಲ್ಲ. ಎಷ್ಟು ಕಟ್ಟು ಮಾಡಿದರೂ ನಷ್ಟ 300ಕ್ಕಿಂತ ಜಾಸ್ತಿ. ಆ ದಿನ ಒಲೆ ಹಚ್ಚದಿರುವುದೇ ಮೇಲು.

ಹೆಜ್ಜೆ 7: ಮಾರುಕಟ್ಟೆ ರೂಪಗಳಲ್ಲಿ ಏಕಸ್ವಾಮ್ಯಕ್ಕೆ ಹೆಚ್ಚು ಸಮಯ

ಪೂರ್ಣ ಪೈಪೋಟಿ (ಮಾರುಕಟ್ಟೆಯ ಬೆಲೆಯನ್ನು ಮಾರುವವರು ಹಾಗೇ ಒಪ್ಪಿಕೊಳ್ಳುವ ಸ್ಥಿತಿ) ರೊಟ್ಟಿಯ ಲೆಕ್ಕದಲ್ಲೇ ಬಂದುಹೋಯಿತು. ಪೈಪೋಟಿ, ಏಕಸ್ವಾಮ್ಯ, ಏಕಸ್ವಾಮ್ಯದ ಪೈಪೋಟಿಗಳ ವ್ಯತ್ಯಾಸದ ಪಟ್ಟಿ ಯಾವ ಗೈಡಿನಲ್ಲಾದರೂ ಸಿಗುತ್ತದೆ. ತೊಡಕು ಇರುವುದು ಒಂದೇ ಕಡೆ: ಏಕಸ್ವಾಮ್ಯದಲ್ಲಿ ಸೀಮಾಂತ ಆದಾಯ (ಇನ್ನೊಂದು ಮಾರಿದಾಗ ಹೆಚ್ಚಿಗೆ ಬರುವ ಹಣ) ಬೆಲೆಗಿಂತ ಯಾಕೆ ಕಡಿಮೆ?

ಎಳನೀರಿನ ಪಟ್ಟಿಗೆ ವಾಪಸ್ ಹೋಗಿ. 50 ರೂಪಾಯಿಗೆ 20 ಮಾರುತ್ತಿದ್ದವರು 40 ಮಾರಬೇಕು ಅಂದರೆ ಬೆಲೆ 40ಕ್ಕೆ ಇಳಿಸಬೇಕು. ಹೊಸ 20 ಕಾಯಿಯಿಂದ 800 ಬಂತು. ಆದರೆ ಮೊದಲ 20 ಕಾಯಿಯ ಮೇಲೂ 10 ರೂಪಾಯಿ ಬಿಡಬೇಕಾಯಿತು, 200 ಹೋಯಿತು. ಉಳಿದದ್ದು 600, ಕಾಯಿಗೆ 30. ಬೆಲೆ 40, ಸೀಮಾಂತ ಆದಾಯ 30. ಇದನ್ನು ಉತ್ತರದಲ್ಲಿ ಅಂಕಿ ಹಾಕಿ ತೋರಿಸಿದರೆ ಒಂದು ಪುಟದ ವಿವರಣೆ ಉಳಿಯುತ್ತದೆ.

ಹೆಜ್ಜೆ 8: ಸರಕಾರ ಕೈಹಾಕಿದಾಗ

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರಕಾರ ಸಿನಿಮಾ ಟಿಕೆಟ್ಟಿಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಬೆಲೆ ಮಿತಿಯ ಪಾಠಕ್ಕೆ ಇಂಥ ಉದಾಹರಣೆ ಮತ್ತೆ ಸಿಗಲಿಕ್ಕಿಲ್ಲ.

ಸಣ್ಣ ಊರಿನ ಒಂಟಿ ಪರದೆಯ ಥಿಯೇಟರಿನಲ್ಲಿ ಟಿಕೆಟ್ 120 ಇದ್ದರೆ ಈ ಮಿತಿಯಿಂದ ಏನೂ ಆಗುವುದಿಲ್ಲ. ಮಿತಿ ಸಮತೋಲನ ಬೆಲೆಗಿಂತ (ಬೇಡಿಕೆ, ಪೂರೈಕೆ ಸಮವಾಗುವ ಬೆಲೆ) ಮೇಲಿದೆ. ಪರೀಕ್ಷೆಯಲ್ಲಿ ಮಿತಿಯ ಗೆರೆಯನ್ನು ಮೇಲೆ ಎಳೆದು "ಕೊರತೆ ಉಂಟಾಗುತ್ತದೆ" ಅಂತ ಬರೆಯುವುದು ಬಹಳ ಸಾಮಾನ್ಯವಾದ ತಪ್ಪು. ಮಿತಿ ನಾಟಬೇಕಾದರೆ ಅದು ಸಮತೋಲನಕ್ಕಿಂತ ಕೆಳಗಿರಬೇಕು. ಶನಿವಾರ ಸಂಜೆಯ ಮಲ್ಟಿಪ್ಲೆಕ್ಸ್‌ನಲ್ಲಿ ಅದು ನಾಟುತ್ತದೆ. ಸೀಟು ಬದಲಾಗುವುದಿಲ್ಲ, ಬೆಲೆ ಇಳಿಯುತ್ತದೆ, ಹೌಸ್‌ಫುಲ್ ಬೋರ್ಡು ಬೇಗ ಬೀಳುತ್ತದೆ. ಮಂಗಳವಾರ ಬೆಳಗಿನ ಆಟಕ್ಕೆ ಅರ್ಧ ಸೀಟು ಖಾಲಿ ಇದ್ದೂ ಬೆಲೆ 250 ಇದ್ದರೆ? ಅಲ್ಲಿ ಮಲ್ಟಿಪ್ಲೆಕ್ಸಿಗೆ ಬೆಲೆ ನಿಗದಿ ಮಾಡುವ ಶಕ್ತಿ ಇದೆ, ಇನ್ನೊಬ್ಬ ಪ್ರೇಕ್ಷಕ ಬಂದರೆ ಹೆಚ್ಚಿನ ವೆಚ್ಚ ಸೊನ್ನೆಯ ಹತ್ತಿರ. ಮಿತಿ ಹಾಕಿದರೆ ಕೊರತೆಯ ಬದಲು ಹೆಚ್ಚು ಜನ ಸಿನಿಮಾ ನೋಡಬಹುದು. ಪಾಪ್‌ಕಾರ್ನ್ ಬೆಲೆಗೆ ಮಿತಿ ಇಲ್ಲ ಅನ್ನುವುದನ್ನೂ ಸೇರಿಸಿ ಬರೆಯಿರಿ. ಮೇಷ್ಟ್ರಿಗೆ ಇಷ್ಟವಾಗುತ್ತದೆ.

ತೆರಿಗೆಯ ಹೊರೆ ಯಾರ ಮೇಲೆ ಬೀಳುತ್ತದೆ ಅನ್ನುವುದು ಕಾನೂನಿನಲ್ಲಿ ಯಾರು ಕಟ್ಟಬೇಕು ಅಂತ ಬರೆದಿದೆ ಅನ್ನುವುದರಿಂದ ತೀರ್ಮಾನವಾಗುವುದಿಲ್ಲ. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಏರಿದಾಗ ಬಂಕಿನಲ್ಲಿ ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಾಯಿತು. ಸರಕಾರಕ್ಕೆ ಕಟ್ಟುವವರು ಮಾರುವವರು, ಹೊತ್ತವರು ನಾವು. ಯಾರಿಗೆ ಬೇರೆ ದಾರಿ ಕಡಿಮೆಯೋ ಅವರ ಮೇಲೆ ಹೊರೆ ಜಾಸ್ತಿ.

ಹೆಜ್ಜೆ 9: ಪರೀಕ್ಷೆ

ಚಿತ್ರ ಮೊದಲು, ಮಾತು ಆಮೇಲೆ. ಅರ್ಧ ಪುಟದಷ್ಟು ದೊಡ್ಡ ಚಿತ್ರ, ಪೆನ್ಸಿಲ್, ಸ್ಕೇಲು. ಎರಡೂ ಅಕ್ಷಕ್ಕೆ ಹೆಸರು, ರೇಖೆಗಳಿಗೆ ಹೆಸರು, ಹಳೆಯ ಮತ್ತು ಹೊಸ ಸಮತೋಲನ ಬಿಂದುವಿಗೆ ಹೆಸರು, ಸರಿದ ದಿಕ್ಕಿಗೆ ಬಾಣ. ಹೆಸರಿಲ್ಲದ ಚಿತ್ರಕ್ಕೆ ಅಂಕ ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ. ಬರೆದ ವಾಕ್ಯಗಳು ಚಿತ್ರದಲ್ಲಿರುವ ಅಕ್ಷರಗಳನ್ನೇ ಹಿಡಿದು ಹೋಗಲಿ. ಚಿತ್ರ ಒಂದು ಕಡೆ, ಗದ್ಯ ಇನ್ನೊಂದು ಕಡೆ ಹೋದರೆ ಗೈಡಿನಿಂದ ಇಳಿಸಿದ್ದು ಅಂತ ತಿಳಿದುಬಿಡುತ್ತದೆ.

ಓದುವಾಗ ಗುಂಪಿನಲ್ಲಿ ಓದಿ. ಒಬ್ಬರು ಸುದ್ದಿ ಹೇಳಬೇಕು, ಇನ್ನೊಬ್ಬರು ಖಾಲಿ ಹಾಳೆಯಲ್ಲಿ ಚಿತ್ರ ಬಿಡಿಸಬೇಕು, ಮೂರನೆಯವರು ತಪ್ಪು ಹುಡುಕಬೇಕು. ಒಬ್ಬರೇ ಕೂತು ಅಚ್ಚಾದ ಚಿತ್ರ ನೋಡುತ್ತಾ ತಲೆಯಾಡಿಸುವುದರಿಂದ ಏನೂ ಬರುವುದಿಲ್ಲ. ಉಚಿತ ಪಾಠ ಬೇಕಾದರೆ ಕೇಂದ್ರ ಸರಕಾರದ 'ಸ್ವಯಂ' ಪೋರ್ಟಲ್ ಇದೆ. ಇಂಗ್ಲಿಷ್ ತೊಡಕಾಗದಿದ್ದರೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಓಪನ್‌ಕೋರ್ಸ್‌ವೇರ್‌ನಲ್ಲಿ ಉಪನ್ಯಾಸ, ಲೆಕ್ಕದ ಹಾಳೆ ಎಲ್ಲ ಸಿಗುತ್ತವೆ. ಕನ್ನಡದಲ್ಲಿ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಪಠ್ಯಗಳು ಒಳ್ಳೆಯ ಆಸರೆ.

ಹೆಜ್ಜೆ 10: ಇಂಟರ್ನಲ್ ಅಸೈನ್‌ಮೆಂಟ್

"ಬೇಡಿಕೆಯ ನಿಯಮ ಮತ್ತು ಅದರ ಅಪವಾದಗಳು" ಅಂತ ಇಡೀ ಕ್ಲಾಸು ಬರೆದು ತರುತ್ತದೆ. ನೀವು ಬೇರೆ ಮಾಡಿ. ರಾಜ್ಯದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಎಪಿಎಂಸಿಗಳ ದಿನದ ಆವಕ ಮತ್ತು ಬೆಲೆ ಸಿಗುತ್ತದೆ. ಒಂದು ಬೆಳೆ, ಒಂದು ಮಾರುಕಟ್ಟೆ ಆರಿಸಿ. ಬ್ಯಾಡಗಿಯ ಮೆಣಸಿನಕಾಯಿ ಆಗಬಹುದು, ಕೋಲಾರದ ಟೊಮೇಟೊ ಆಗಬಹುದು. ಕೆಲವು ವಾರಗಳ ಅಂಕಿ ಬರೆದುಕೊಂಡು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಹಾಕಿ, ಬೆಲೆ ನಿಂತ ಅಕ್ಷದಲ್ಲಿ, ಆವಕ ಅಡ್ಡ ಅಕ್ಷದಲ್ಲಿ.

ಚುಕ್ಕಿಗಳು ಬಲಕ್ಕೆ ಇಳಿಯುತ್ತಾ ಹೋದರೆ "ಇದೇ ಬೇಡಿಕೆ ರೇಖೆ" ಅಂತ ಬರೆಯಲು ಕೈ ತುರಿಸುತ್ತದೆ. ತಡೆಯಿರಿ. ಆ ವಾರಗಳಲ್ಲಿ ಪೂರೈಕೆ ಮಾತ್ರ ಬದಲಾಗಿ ಬೇಡಿಕೆ ಹಾಗೇ ನಿಂತಿದ್ದರೆ ಮಾತ್ರ ಚುಕ್ಕಿಗಳು ಬೇಡಿಕೆ ರೇಖೆಯನ್ನು ತೋರಿಸುತ್ತವೆ. ನಡುವೆ ಹಬ್ಬ ಬಂದಿದ್ದರೆ, ಹೊರರಾಜ್ಯದ ವ್ಯಾಪಾರಿಗಳು ಖರೀದಿಗೆ ಇಳಿದಿದ್ದರೆ, ಬೇಡಿಕೆಯೂ ಸರಿದಿರುತ್ತದೆ. ಆಗ ಒಂದೊಂದು ಚುಕ್ಕಿಯೂ ಬೇರೆ ಬೇರೆ ಎರಡು ರೇಖೆಗಳು ಸಂಧಿಸಿದ ಜಾಗ. ಯಾವ ವಾರ ಏನು ಬದಲಾಗಿತ್ತು ಅಂತ ಮಂಡಿಯ ಒಬ್ಬರು ದಲಾಲರನ್ನೋ ರೈತರನ್ನೋ ಕೇಳಿ, ಪ್ರತಿ ಚುಕ್ಕಿಯ ಪಕ್ಕ ಒಂದು ಸಾಲು ಬರೆಯಿರಿ. ವೈವಾದಲ್ಲಿ ಮೊದಲ ಪ್ರಶ್ನೆ ಬರುವುದು ಆ ಸಾಲುಗಳ ಮೇಲೆಯೇ, ಹಾಗಾಗಿ ಯಾರನ್ನು ಯಾವತ್ತು ಕೇಳಿದಿರಿ ಅಂತ ಕೂಡ ಗುರುತು ಹಾಕಿಡಿ.